ಸಾಹೇಬರ ನಾಯಿಗೆ ಸಲಾಮು

೧೯೩೮ರ ಬೇಸಿಗೆಯಲ್ಲಿ ಹುಮನಾಬಾದಿನ ಜಹಗೀರು ಕಚೇರಿಯಲ್ಲಿ ಒಂದು ಘನವಾದ ಪ್ರಶ್ನೆ ಎದ್ದಿತು. ಅದರ ಮುಂದೆ ಹೊಲದ ಗಡಿಯ ತಂಟೆಗಳು ನಿಂತುಹೋದವು, ಕೆರೆ ದುರಸ್ತಿಯ ಅರ್ಜಿಗಳು ಧೂಳು ಹಿಡಿದವು, ಮಾಣಿಕನಗರದಿಂದ ಎರಡು ಸಲ ಬಂದಿದ್ದ ಫಿರ್ಯಾದಿಗೆ ಮೂರನೆಯ ಸಲವೂ ‘ನಾಳೆ ಬಾ’ ಎಂದಾಯಿತು. ಪ್ರಶ್ನೆ ಇಷ್ಟೇ: ಗುಲ್ಫಾಮ್ ಕುಳಿತುಕೊಳ್ಳುವುದೋ, ಇಲ್ಲವೋ?

ಗುಲ್ಫಾಮ್ ಎಂದರೆ ಕಚೇರಿ ನಡೆಸುವ ಪೇಷಕಾರ ಜಹೀರುದ್ದೀನ್ ಸಾಹೇಬರ ಪೂಡಲ್ ನಾಯಿ. ಅವರ ಹೆಂಡತಿ ಬೇಗಂ ಅಸ್ಗರಿಯವರ ತಮ್ಮ ಸಿಕಂದರಾಬಾದಿನಿಂದ ಕಳಿಸಿದ್ದು. ಎದೆಯ ಮೇಲೆ, ಕಾಲಿನ ಗಿಣ್ಣಿಗೆ, ಬಾಲದ ತುದಿಗೆ ಬಿಳಿ ಗುಂಗುರು ಕೂದಲಿನ ಉಂಡೆಗಳು. ಉಳಿದ ಮೈ ನುಣ್ಣಗೆ ಬೋಳು. ಹಜಾಮ ಅರ್ಧಕ್ಕೇ ಕೈಬಿಟ್ಟು ಓಡಿಹೋಗಿದ್ದಾನೆಂದು ತಿಳಿದು ಊರವರು ಮೊದಲ ದಿನ ಮರುಗಿದ್ದರು. ತಪಾಸಣೆಗೆಂದು ಹೈದರಾಬಾದಿನಿಂದ ಬರಲಿದ್ದ ಮೇಲಧಿಕಾರಿ ನಾಜಿಂ ಸಾಹೇಬರಿಗೆ ನಾಯಿಗಳೆಂದರೆ ಜೀವ. ಅವರ ಎದುರು ಇದು ಹುಕುಂ ಕೇಳಿ ಕುಳಿತುಬಿಟ್ಟರೆ ಕಚೇರಿಯ ದಫ್ತರುಗಳ ಗಂಟನ್ನು ಯಾರೂ ಬಿಚ್ಚುವುದಿಲ್ಲ ಎಂದು ಪೇಷಕಾರರು ನಂಬಿದ್ದರು.

ಕಲಿಸುವ ಕೆಲಸ ಚಪರಾಸಿ ಬಂಡೆಪ್ಪನಿಗೆ ಬಂತು. ತನ್ನೂರು ಮುಡಬಿಯಲ್ಲಿ ಎತ್ತು ಪಳಗಿಸಿದವನೆಂಬ ಹೆಸರಿತ್ತು ಅವನಿಗೆ. ಆರು ವರ್ಷಗಳಿಂದ ಹಂಗಾಮಿ.

“ಎಂಟು ದಿನ ಅದಾವ ನೋಡು. ‘ಬೈಠ್’ ಅಂದ್ರ ಕೂಡಬೇಕು,” ಎಂದರು ಪೇಷಕಾರರು. “ಕುಂತ್ರ ನಿನ್ನ ನೌಕರಿ ಕಾಯಂ. ಇಲ್ಲಂದ್ರ ಮುಡಬಿಗಿ ಹೋಗಿ ಎತ್ತಿನ ಬಾಲ ಹಿಡಿ.”

“ಹೌದ್ರಿ, ಹುಜೂರ್.”

ಎತ್ತಿಗಾದರೆ ಬಾಯಿತುಂಬ ಬೈಯಬಹುದು. ಇದು ಸಾಹೇಬರ ಮನೆಯ ಜೀವ. ಆ ಮನೆಗೆ ಸೇರಿದ ಯಾರ ಮುಂದೆಯೂ ಬಂಡೆಪ್ಪ ಸಲಾಮು ಮಾಡದೆ ಬಾಯಿ ತೆರೆದವನಲ್ಲ. ಸಾಹೇಬರ ಖಾಲಿ ಕುರ್ಚಿಗೂ ಒಂದೆರಡು ಸಲ ಸಲಾಮು ಸಂದಿತ್ತು. ಹಾಗಾಗಿ ಮೊದಲು ನಡು ಪೂರ್ತಿ ಬಗ್ಗಿಸಿದ. ಬಿಸ್ಕೂಟು ಹಿಡಿದ ಕೈಯನ್ನು ನಾಯಿಯ ಮೂತಿಯ ಮುಂದಿನಿಂದ ಮೆಲ್ಲಗೆ ತನ್ನ ಹಣೆಗೆ ಒಯ್ದ. ಆಮೇಲೆ, “ಬೈಠಿಯೇ, ಹುಜೂರ್” ಎಂದ. ಬಿಸ್ಕೂಟಿನ ಬೆನ್ನುಹತ್ತಿ ನಾಯಿಯ ಮೂತಿ ಮೇಲೇರಿತು, ಹಿಂಭಾಗ ತಾನಾಗಿ ನೆಲಕ್ಕೆ ತಗುಲಿತು. ನಾಲ್ಕನೆಯ ದಿನಕ್ಕೆ ಬಿಸ್ಕೂಟೂ ಬೇಡವಾಯಿತು.

ಸುದ್ದಿ ಮನೆಗೆ ಅವನಿಗಿಂತ ಮೊದಲೇ ಮುಟ್ಟಿತ್ತು.

“ನಾಯಿಗಿ ಸಲಾಮ್ ಹೊಡ್ಯಾಕತ್ತೀರಂತ,” ಎಂದಳು ಹೆಂಡತಿ ಅಂಬುಬಾಯಿ. “ಬಾವಿ ಕಟ್ಟಿ ಮ್ಯಾಲ ಹೆಣ್ಮಕ್ಕಳು ಬಿದ್ದು ಬಿದ್ದು ನಗಾಕತ್ತಾರ.”

“ನಾಯಿಗಲ್ಲ. ಸಾಹೇಬರ ನಾಯಿಗಿ.”

“ನಾಳಿ ಸಾಹೇಬರ ಕ್ವಾಣ ಬಂದ್ರ ಕಾಲಿಗಿ ಬೀಳ್ತೀರೇನು?”

“ಕಾಯಂ ಮಾಡ್ತೀನಂದ್ರ ಬೀಳ್ತೀನಿ. ಕೊಡಂಬಲದ ನಿಮ್ಮಣ್ಣ ಬಂದಾಗೊಮ್ಮೆ ‘ಬಂಡೆಪ್ಪಾ, ಇನ್ನಾ ಹಂಗಾಮೀನೇ ಏನು?’ ಅಂತ ಕೇಳ್ತಾನಲ್ಲ, ಅವಾಗ ಯಾಕ ನಗಂಗಿಲ್ಲ ನೀನು?”

ಅಂಬುಬಾಯಿ ರೊಟ್ಟಿ ತಟ್ಟುವ ಸದ್ದು ಜೋರಾಯಿತು.

ಒಂಬತ್ತನೆಯ ದಿನ ನಾಜಿಂ ಸಾಹೇಬರು ಬಂದರು. ಪಡಸಾಲೆಯಲ್ಲಿ ಕುರ್ಚಿ, ಸುತ್ತ ಗುಮಾಸ್ತರು, ಮೆಟ್ಟಿಲ ಕೆಳಗೆ ಅರ್ಜಿ ಹಿಡಿದ ರೈತರು. ಪೇಷಕಾರರು ಬೆರಳೆತ್ತಿ, “ಗುಲ್ಫಾಮ್, ಬೈಠ್!” ಎಂದರು.

ಗುಲ್ಫಾಮ್ ಅವರನ್ನು, ಅವರು ರೈತರ ಅರ್ಜಿ ನೋಡುವಂತೆಯೇ, ನೋಡಿತು. ಇನ್ನೂ ಎರಡು ಸಲ ಗದರಿದರು. ಮೂರನೆಯದಕ್ಕೆ ಕಚೇರಿಯ ಮುಂದೆ ನಿಂತಿದ್ದ ಇಬ್ಬರು ಮುದುಕರು ಗಾಬರಿಯಾಗಿ ಕುಳಿತುಕೊಂಡರು. ನಾಯಿ ನಿಂತೇ ಇತ್ತು.

ಬಂಡೆಪ್ಪ ಕಂಬದ ಮರೆಯಿಂದ ನೋಡುತ್ತಿದ್ದ. ಸಲಾಮು ಮಾಡದೆ ಹುಕುಂ ಕೊಡುವವರೂ ಇರುತ್ತಾರೆ ಎಂಬ ಸಂಗತಿ ಎಂಟು ದಿನಗಳಲ್ಲಿ ಒಮ್ಮೆಯೂ ಅವನ ತಲೆಗೆ ಬಂದಿರಲಿಲ್ಲ.

“ಕಲಿಸಿದವ ಯಾರು?” ಎಂದರು ನಾಜಿಂ ಸಾಹೇಬರು.

ಬಂಡೆಪ್ಪ ಮುಂದೆ ಬಂದ. ಬಗ್ಗಿದ, ಕೈ ಹಣೆಗೆ ಒಯ್ದ. ಗುಲ್ಫಾಮ್ ಸಿಂಹಾಸನವೇರಿದಂತೆ ಕುಳಿತಿತು.

“ವಾಹ್! ನಾಯಿಗೆ ಅದಬು, ಮರ್ಯಾದೆ ಗೊತ್ತು. ಪೇಷಕಾರ್ ಸಾಹೇಬ್, ಈಗ ನೀವು ಮಾಡಿ.”

ಪೇಷಕಾರರು ನಾಯಿಯನ್ನು ಎಬ್ಬಿಸಿ, ಕತ್ತು ತುಸು ಬಾಗಿಸಿ, ಎರಡು ಬೆರಳನ್ನು ಹುಬ್ಬಿನ ತನಕ ಒಯ್ದರು. ನಾಯಿ ಕೂಡಲಿಲ್ಲ.

“ಇನ್ನೊಂಚೂರು ಬಗ್ಗಬೇಕ್ರಿ, ಹುಜೂರ್,” ಎಂದ ಬಂಡೆಪ್ಪ, ಬರೀ ಸಹಾಯ ಮಾಡುವ ಮನಸ್ಸಿನಿಂದ.

ಮೂವತ್ತು ಜನರ ಎದುರು ಪೇಷಕಾರರು ನಡು ಬಗ್ಗಿಸಿ, ಕೈಯನ್ನು ನಾಯಿಯ ಮೂತಿಯಿಂದ ಹಣೆಯ ತನಕ ಒಯ್ದರು. ಗುಲ್ಫಾಮ್ ಆ ಸಲಾಮನ್ನು ಸ್ವೀಕರಿಸಿ ಕುಳಿತುಕೊಂಡಿತು. ನಾಜಿಂ ಸಾಹೇಬರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ದಫ್ತರು ಬಿಚ್ಚದೆಯೇ ತಪಾಸಣೆ ಮುಗಿಸಿದರು. ಟಾಂಗಾ ಹತ್ತುವ ಮುಂಚೆ ಬಂಡೆಪ್ಪನನ್ನು ಕಾಯಂ ಮಾಡುವಂತೆ ಹುಕುಂ ಬರೆಸಿ ಸಹಿ ಹಾಕಿದರು. ಮೇಲಿನವರ ಸಹಿಯಾದದ್ದನ್ನು ಪೇಷಕಾರರು ಅಳಿಸುವಂತಿರಲಿಲ್ಲ. ಆದರೆ ಯಾವ ಊರಲ್ಲಿ ಕಾಯಂ ಎಂಬುದು ಆ ಹುಕುಮಿನಲ್ಲಿ ಇರಲಿಲ್ಲ.

ಬಂಡೆಪ್ಪ ಮರುವಾರ ಕಾಯಂ ಚಪರಾಸಿಯಾಗಿ ಕಲ್ಯಾಣದ ಕಚೇರಿಗೆ ಹೋದ.