ಸ್ಟೆನೋ ಅಮ್ಮನ ಎರಡು ಪದ

ಕೋರ್ಟಿನಲ್ಲಿ ಮೂವತ್ತಮೂರು ವರ್ಷ ಶೀಘ್ರಲಿಪಿ ಬರೆದು ನಿವೃತ್ತಳಾದವಳು ನಮ್ಮ ಸ್ಟೆನೋ ಅಮ್ಮ. ಕಳ್ಳರ ಮಾತು, ಸುಳ್ಳರ ಮಾತು, ವಕೀಲರು ಉಗುಳು ಹಾರಿಸಿಕೊಂಡು ಆಡಿದ ಮಾತು, ಎಲ್ಲವೂ ಆಕೆಯ ಪೆನ್ಸಿಲ್ಲಿನ ಮೊನೆಯಲ್ಲಿ ಹಾದು ಹೋಗಿವೆ. ಅಷ್ಟೂ ವರ್ಷ ಆ ಕೋಣೆಯೊಳಗೆ ತುಟಿಪಿಟಕ್ಕೆನ್ನದೆ ಕೂತವಳು ಆಕೆಯೊಬ್ಬಳೇ. ಆಕೆ ಟೈಪು ಮಾಡಿಕೊಟ್ಟದ್ದನ್ನು ಗಟ್ಟಿಯಾಗಿ ಓದುವ ಭಾಗ್ಯ ಕೂಡ ಪಕ್ಕದ ಗುಮಾಸ್ತನದು. ಅವನೋ ಮೂಗಿನಲ್ಲಿ ಓದುತ್ತಿದ್ದ.

ಹಾಗಾಗಿ, ಟೀವಿಯವರು ಕೋರ್ಟಿನ ಕಥೆಯ ಧಾರಾವಾಹಿಯೊಂದನ್ನು ತೆಗೆಯುತ್ತ, ಸ್ಟೆನೋ ಪಾತ್ರಕ್ಕೆ ನಿಜವಾದ ಸ್ಟೆನೋ ಬೇಕೆಂದು ಮನೆಗೇ ಬಂದು ಕರೆದಾಗ ಆಕೆ ಹಿಗ್ಗಿ ಹೀರೇಕಾಯಿಯಾದಳು. ಮೊದಲ ಸೀಸನ್ನು, ಹದಿಮೂರು ಕಂತು, ಉದ್ದಕ್ಕೂ ಒಂದೇ ಮೊಕದ್ದಮೆ: ಬಟ್ಟೆ ಅಂಗಡಿಗೆ ಬೆಂಕಿ ಬಿದ್ದಿದೆ, ಅಲ್ಲಿ ಹೊಲಿಯುತ್ತಿದ್ದ ಬಡ ಹೆಂಗಸಿನ ಮೇಲೆ ಆರೋಪ ಬಂದಿದೆ.

"ನೀವೇನೂ ಬರೀಬೇಕಿಲ್ಲಮ್ಮ, ಸುಮ್ನೆ ಪೆನ್ಸಿಲ್ ಆಡಿಸ್ತಾ ಇದ್ರೆ ಸಾಕು," ಎಂದಿದ್ದ ನಿರ್ದೇಶಕ.

ಎದುರಿಗೆ ಜನ ಮಾತಾಡುತ್ತಿರುವಾಗ, ಕೈಯಲ್ಲಿ ಪೆನ್ಸಿಲ್ ಇರುವಾಗ, ಬರೆಯದೆ ಸುಮ್ಮನೆ ಆಡಿಸುವುದೆಂದರೇನು? ಅದು ಪೆನ್ಸಿಲ್ಲೋ, ಕಿವಿ ಕೆರೆಯುವ ಕಡ್ಡಿಯೋ? ಆಕೆ ಎಲ್ಲವನ್ನೂ ಬರೆದಳು. ನಟರು ಆಡಿದ್ದು, ತಡವರಿಸಿದ್ದು, ಕೆಮ್ಮಿದ್ದು, ಒಂದನ್ನೂ ಬಿಡಲಿಲ್ಲ. ಪುಟದ ಎಡ ಅಂಚಿನಲ್ಲಿ ಯಾರ ಮಾತೆಂದು ತೋರಿಸುವ ಗುರುತು: ಸಾಕ್ಷಿಗೊಂದು ಗೀಟು, ವಕೀಲರಿಗೊಂದು ಕೊಕ್ಕೆ, ನ್ಯಾಯಾಧೀಶರಿಗೊಂದು ಸೊನ್ನೆ. ಮೂವತ್ತಮೂರು ವರ್ಷದ ಅಭ್ಯಾಸ ಬಿಡೆಂದರೆ ಬಿಡುತ್ತದೆಯೇ?

ಕೋರ್ಟಿನ ಗುಂಗಿನಲ್ಲಿ ಎರಡು ಸಲ ಎಡವಟ್ಟೂ ಆಯಿತು. ಮೊದಲ ದಿನ ನ್ಯಾಯಾಧೀಶರ ಪಾತ್ರಧಾರಿ ಟೀ ಲೋಟ ಹಿಡಿದು, ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಕಾಲಿಗೆ ಬೂಟು ಹಾಕಿಕೊಂಡು ಬಂದರೂ ಆಕೆ ಧಡಕ್ಕನೆ ಎದ್ದು ನಿಂತಳು. ಆಕೆಯನ್ನು ನೋಡಿ ಇಡೀ ಸೆಟ್ಟು ಎದ್ದಿತು, ದೀಪದ ಕಂಬವೊಂದು ಉರುಳಿತು. ಎರಡನೇ ಕಂತಿನಲ್ಲಿ ಕ್ಯಾಮೆರಾ ಓಡುತ್ತಿರುವಾಗಲೇ ಸಾಕ್ಷಿಯತ್ತ ಕೈ ಎತ್ತಿ, ಅಷ್ಟು ವರ್ಷ ನುಂಗಿಕೊಂಡಿದ್ದ ಮಾತು ಬಾಯಿಗೆ ಬಂದು, "ಸ್ವಲ್ಪ ನಿಧಾನ ಹೇಳಪ್ಪ," ಎಂದುಬಿಟ್ಟಳು.

ನಿರ್ದೇಶಕ ಕೈ ಮುಗಿದ. "ಅಮ್ಮಾ, ಇನ್ನೊಂದ್ಸಲ ನೀವು ಬಾಯಿ ಬಿಟ್ರೆ, ಆ ಕುರ್ಚೀಲಿ ಬೇರೆಯವರು ಕೂತಿರ್ತಾರೆ."

ಅಂದಿನಿಂದ ಆಕೆ ಬಾಯಿಗೆ ಬೀಗ ಹಾಕಿಕೊಂಡಳು. ಧಾರಾವಾಹಿ ಶುರುವಾದ ಮೇಲೆ ಟೀವಿಯಲ್ಲಿ ಆಕೆ ಕಂಡದ್ದೂ ಅಷ್ಟಕ್ಕಷ್ಟೇ. ವಕೀಲೆ ಗುಡುಗುವಾಗ ಕೆಳಗಿನ ಮೂಲೆಯಲ್ಲಿ ಒಂದು ಮೊಣಕೈ ಬರುತ್ತಿತ್ತು, ಅಷ್ಟೇ. ಆಕೆಯ ಗಂಡ ನಿವೃತ್ತ ಬಸ್ ಕಂಡಕ್ಟರ್, ಇಡೀ ಬೀದಿಗೆ ಕೇಳುವ ಗಂಟಲಿನವನು. ಕಂತು ಮುಗಿದಾಗಲೆಲ್ಲ, "ಲೇ, ಇವತ್ತು ನಿನ್ನ ಮೊಣಕೈ ಬಹಳ ಚೆನ್ನಾಗಿ ಮಾಡ್ತು ಕಣೇ. ಏನು ಭಾವ, ಏನು ಭಾವ!" ಎನ್ನುತ್ತಿದ್ದ. ಆಕೆಗೆ ನಗು ಬರುತ್ತಿತ್ತು. ಒಳಗೊಳಗೇ ಚುಚ್ಚುತ್ತಲೂ ಇತ್ತು.

ಹತ್ತನೇ ಕಂತಿನ ಹೊತ್ತಿಗೆ ನಿರ್ದೇಶಕನ ಮನಸ್ಸು ಅದೇಕೋ ಕರಗಿತು. ಕೊನೆಯ ಕಂತಿನಲ್ಲಿ ಆಕೆಗೊಂದು ಮಾತು ಕೊಡುತ್ತೇನೆಂದ. ನ್ಯಾಯಾಧೀಶರು "ಇದು ದಾಖಲಾಗಲಿ" ಎನ್ನುತ್ತಾರೆ, ಆಕೆ "ಆಗಲಿ ಸ್ವಾಮಿ" ಎನ್ನಬೇಕು. ಎರಡೇ ಪದ. ಆದರೆ ಆಕೆಗೆ ಅಷ್ಟೇ ಸಾಕಾಯಿತು. ತಂಗಿಗೆ ಫೋನಾಯಿತು, ಸೊಸೆಗೆ ಹೇಳಿಯಾಯಿತು, ಮಹಡಿ ಮೇಲಿನ ಮನೆಯವರಿಗೂ ಸುದ್ದಿ ಮುಟ್ಟಿತು. ಮೂರು ವಾರ ಪಾತ್ರೆ ತೊಳೆಯುವಾಗ, ಬಟ್ಟೆ ಒಣಗಿಸುವಾಗ ಒಂದೇ ಜಪ. ಒಮ್ಮೆ ಗಂಭೀರವಾಗಿ, ಒಮ್ಮೆ ಗದ್ಗದವಾಗಿ, ಒಮ್ಮೆ ಹುಬ್ಬೇರಿಸಿ. ಉಪ್ಪು ತರುತ್ತೀರಾ ಎಂದು ಕೇಳಿದರೆ ಗಂಡನೂ "ಆಗಲಿ ಸ್ವಾಮಿ" ಎನ್ನತೊಡಗಿದ.

ಕೊನೆಯ ದಿನ ಬಂತು. ಸಂಜೆ ಆರಕ್ಕೆ ಸೆಟ್ಟು ಖಾಲಿ ಮಾಡಬೇಕು, ಬಡಗಿಗಳು ಆಗಲೇ ಸುತ್ತಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಉಳಿದದ್ದು ಒಂದೇ ದೃಶ್ಯ. ಕಟಕಟೆಯಲ್ಲಿ ಅಂಗಡಿ ಯಜಮಾನನ ತಮ್ಮ. ಆ ಪಾತ್ರದವನನ್ನು ಸೆಟ್ಟಿನಲ್ಲಿ ಎಲ್ಲರೂ ಮೀಸೆ ಮಾವ ಎನ್ನುತ್ತಿದ್ದರು. ಮೀಸೆ ಬಹಳ ಭಾರಿ, ನೆನಪಿನ ಶಕ್ತಿ ಬಹಳ ಹಗುರ.

ವಕೀಲೆಯ ಪಾತ್ರದ ಹುಡುಗಿ ಬೆರಳು ಚಾಚಿ ಗುಡುಗಿದಳು: "ಬೆಂಕಿ ಬಿದ್ದ ಸಂಜೆ ಅಂಗಡಿ ಕಡೆ ತಲೆಯೇ ಹಾಕಿಲ್ಲ ಅಂತ ಮೂರನೇ ವಿಚಾರಣೆಯಲ್ಲಿ ಹೇಳಿದ್ರಿ. ಹಾಗಿದ್ರೆ ಹಿಂದಿನ ಕಿಟಕಿ ತೆರೆದಿತ್ತು ಅಂತ ನಿಮಗೆ ಹೇಗೆ ಗೊತ್ತು?"

ಸ್ಟೆನೋ ಅಮ್ಮನ ಪೆನ್ಸಿಲ್ ನಿಂತುಹೋಯಿತು.

ಸಾಕ್ಷಿ ಹಾಗೆ ಹೇಳಿರಲಿಲ್ಲ! ಧಾರಾವಾಹಿಯವರು ಬರೆದುಕೊಟ್ಟ ಸಂಭಾಷಣೆಯಲ್ಲಿ ಇದ್ದಿರಬಹುದು. ಆದರೆ ಆ ದಿನ ಮೀಸೆ ಮಾವ ಮಾತು ಮರೆತು ಬಾಯಿಗೆ ಬಂದದ್ದು ಏನೋ ಹೇಳಿದ್ದ, ಹೇಳಿದ ಧಾಟಿ ಚೆನ್ನಾಗಿದೆಯೆಂದು ನಿರ್ದೇಶಕ ಹಾಗೇ ಉಳಿಸಿಕೊಂಡಿದ್ದ, ಊರೆಲ್ಲ ಅದನ್ನು ನೋಡಿಯೂ ಆಗಿತ್ತು. ಈಗ ಇಡೀ ಮೊಕದ್ದಮೆ ಅವನು ಆಡದ ಮಾತಿನ ಮೇಲೆ ನಿಂತಿದೆ. ಸುಮ್ಮನಿದ್ದರೆ ಇನ್ನೆರಡು ನಿಮಿಷದಲ್ಲಿ ತನ್ನ ಮಾತು ಬರುತ್ತದೆ. ಬಾಯಿ ಬಿಟ್ಟರೆ ಆ ಎರಡು ಪದಕ್ಕೂ ಕಲ್ಲು ಬಿತ್ತು. ತಂಗಿ, ಸೊಸೆ, ಮಹಡಿಯವರು ಎಲ್ಲರೂ ಕಣ್ಣ ಮುಂದೆ ಬಂದರು. ಅಯ್ಯೋ, ನನಗೇಕೆ ಬೇಕು ಊರ ಉಸಾಬರಿ ಎಂದು ತುಟಿ ಬಿಗಿಹಿಡಿದಳು. ಆದರೆ ಕೈ ಮಾತ್ರ ಆಡದ ಮಾತನ್ನು ಬರೆಯಲು ಸುತರಾಂ ಒಪ್ಪಲಿಲ್ಲ.

"ಸ್ವಾಮಿ, ಸಾಕ್ಷಿ ಹಾಗೆ ಹೇಳಿಲ್ಲ," ಎಂದಳು.

"ಕಟ್!" ನಿರ್ದೇಶಕ ಟೋಪಿ ನೆಲಕ್ಕೆ ಬಡಿದ. "ಅಮ್ಮಾ, ನಾನು ನಿಮಗೇನು ದ್ರೋಹ ಮಾಡಿದ್ದೆ? ಕೊನೇ ದಿನ! ಕೊನೇ ದೃಶ್ಯ! ನಿಮ್ಮ ಮಾತೂ ಇಲ್ಲ, ಏನೂ ಇಲ್ಲ, ಎದ್ದೇಳಿ ಅಲ್ಲಿಂದ!"

ಆಕೆಯ ಕಣ್ಣು ತುಂಬಿತು. ಆದರೂ ಚೀಲದಿಂದ ಹಳೆಯ ನೋಟುಪುಸ್ತಕ ತೆಗೆದು ಪುಟ ತಿರುವಿದಳು. "ಬೈಯೋದಾದ್ರೆ ಆಮೇಲೆ ಬೈಯಪ್ಪ. ಮೊದಲು ಮೂರನೇ ಕಂತು ಹಾಕಿ ನೋಡು."

ವಕೀಲೆ ತನ್ನ ಫೋನಿನಲ್ಲಿ ಕಂತು ಹಾಕಿದಳು. ಮೀಸೆ ಮಾವ ಅದರಲ್ಲಿ ಠೀವಿಯಿಂದ ಹೇಳುತ್ತಿದ್ದ: "ಬಾಗಿಲ ತನಕ ಹೋಗಿದ್ದೆ ಸ್ವಾಮಿ, ಬೀಗ ಹಾಕಿತ್ತು, ಬೀಗ ಎಳೆದು ನೋಡಿ ವಾಪಸ್ ಬಂದೆ." ಆಕೆಯ ಪುಟದಲ್ಲೂ ಅದೇ ಇತ್ತು, ನಡುವಿನ ಕೆಮ್ಮಿನ ಸಮೇತ.

ನಿರ್ದೇಶಕ ಕಟಕಟೆಯ ಮೆಟ್ಟಿಲ ಮೇಲೆ ಕುಸಿದು ಕೂತ. "ಹದಿಮೂರು ಕಂತೂ ಮಣ್ಣುಪಾಲು. ನೋಡಿದೋರೆಲ್ಲ ನಮ್ಮ ಮುಖಕ್ಕೆ ಉಗೀತಾರೆ." ಮೀಸೆ ಮಾವ ಮೀಸೆಯ ಹಿಂದೆ ಬಚ್ಚಿಟ್ಟುಕೊಳ್ಳಲು ಜಾಗವಿದೆಯೇ ಎಂದು ನೋಡುತ್ತಿದ್ದ.

ಸ್ಟೆನೋ ಅಮ್ಮ ಮಾತ್ರ ಪುಟ ತಿರುವುತ್ತಲೇ ಇದ್ದಳು. "ಮಣ್ಣುಪಾಲು ಯಾಕಪ್ಪ? ಬೀಗ ಹಾಕಿತ್ತು ಅಂದಿದಾನಲ್ಲ. ಏಳನೇ ಕಂತಲ್ಲಿ ಬೀಗ ರಿಪೇರಿಯವನು ಏನಂದಿದಾನೆ ನೋಡು. ಆ ಅಂಗಡಿ ಬೀಗ ಬೆಂಕಿ ಬೀಳೋ ಹಿಂದಿನ ದಿನಾನೇ ತನ್ನ ಹತ್ರ ರಿಪೇರಿಗೆ ಬಂದಿತ್ತು, ಇನ್ನೂ ವಾಪಸ್ ಕೊಟ್ಟಿರಲಿಲ್ಲ ಅಂತ. ಇಲ್ಲದ ಬೀಗಾನ ಇವನು ಹೆಂಗೆ ಎಳೆದು ನೋಡಿದ?"

ನಿರ್ದೇಶಕ ಮೆಲ್ಲಗೆ ತಲೆ ಎತ್ತಿದ. ಟೋಪಿ ಎತ್ತಿಕೊಂಡು ಧೂಳು ಕೊಡವಿದ. ಆಮೇಲೆ ಆಕೆಯ ಕೈಯನ್ನೂ ಪುಸ್ತಕವನ್ನೂ ಒಟ್ಟಿಗೆ ಹಿಡಿದು, "ಅಮ್ಮಾ, ಇದನ್ನ ನೀವೇ ಓದ್ಬೇಕು. ಕ್ಯಾಮೆರಾ ತಿರುಗಿಸ್ರೋ ಈ ಕಡೆ!" ಎಂದು ಕೂಗಿದ. ಮೀಸೆ ಮಾವನಿಗೆ, "ನೀನೇನೂ ಕಲೀಬೇಡ, ಏನು ತೋಚುತ್ತೋ ಅದನ್ನೇ ಹೇಳು," ಎಂದ. ಅವನಿಗೆ ಬರುತ್ತಿದ್ದುದೂ ಅಷ್ಟೇ.

ವಕೀಲೆ ಹಿಂದಿನ ಸಾಕ್ಷ್ಯ ಓದಿಸಬೇಕೆಂದು ಕೇಳಿಕೊಂಡಳು. ನ್ಯಾಯಾಧೀಶರು ಕನ್ನಡಕ ಇಳಿಸಿ ಆಕೆಯ ಕಡೆ ನೋಡಿದರು. "ಓದಿ."

"ಆಗಲಿ ಸ್ವಾಮಿ."

ಗಂಭೀರವೂ ಇಲ್ಲ, ಗದ್ಗದವೂ ಇಲ್ಲ. ಮೂರು ವಾರದ ತಾಲೀಮು ಗಾಳಿಗೆ ಹೋಗಿ, ಮನೆಯಲ್ಲಿ ಮಾತಾಡುವ ದನಿಯೇ ಬಂತು. ಆಕೆ ಎದ್ದು ನಿಂತು, ಸಾಮಾನಿನ ಪಟ್ಟಿ ಓದುವಂತೆ ಎರಡು ಹೇಳಿಕೆಗಳನ್ನೂ ಓದಿದಳು. ಏರಿಳಿತವಿಲ್ಲ, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಓದಿ ಮುಗಿಸುವಷ್ಟರಲ್ಲಿ ಮೀಸೆ ಮಾವನ ಹಣೆಯಲ್ಲಿ ನಿಜವಾದ ಬೆವರು ಹರಿಯುತ್ತಿತ್ತು.

"ಅದು... ಅದು ನನ್ನ ಬಾಯಿಂದ ಹಾಗೇ ಬಂದುಬಿಡ್ತು ಸ್ವಾಮಿ," ಎಂದು ತೊದಲಿದ. ಅವನ ಜನ್ಮದಲ್ಲಿ ಅಷ್ಟು ಚೆನ್ನಾಗಿ ಅವನು ನಟಿಸಿದ್ದಿಲ್ಲ. ಪಾಪ, ಅದು ನಟನೆಯೂ ಆಗಿರಲಿಲ್ಲ. ನಿರ್ದೇಶಕ ಕಟ್ ಹೇಳುವುದನ್ನೇ ಮರೆತ. ಬಾಗಿಲಲ್ಲಿದ್ದ ಬಡಗಿಗಳು ಸುತ್ತಿಗೆ ಕೆಳಗಿಟ್ಟು ಚಪ್ಪಾಳೆ ತಟ್ಟಿದಾಗಲೇ ಎಲ್ಲರಿಗೂ ಎಚ್ಚರವಾದದ್ದು.

ಎರಡು ವಾರದ ಮೇಲೆ, ಭಾನುವಾರ ಸಂಜೆ, ಕೊನೆಯ ಕಂತು. ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ತಂಗಿ, ಸೊಸೆ, ಮಹಡಿಯವರು, ಕುರ್ಚಿ ಸಾಲದೆ ಮಗುಚಿಟ್ಟ ಬಕೆಟ್ಟಿನ ಮೇಲೆ ಗಂಡ. "ಮೊಣಕೈ ಬರೋ ಹೊತ್ತಾಯ್ತು, ಎಲ್ರೂ ಕಣ್ಣು ಮಿಟುಕಿಸಬೇಡಿ!" ಎಂದು ಆತ ಕೂಗುತ್ತಿದ್ದ. ಕೊನೆಯ ದಿನ ಸೆಟ್ಟಿನಲ್ಲಿ ನಡೆದದ್ದನ್ನು, ಟೀವಿಯಲ್ಲಿ ಉಳಿಯುತ್ತದೋ ಇಲ್ಲವೋ ಎಂದು, ಆಕೆ ಯಾರಿಗೂ ಹೇಳಿರಲಿಲ್ಲ.

ಮೊಣಕೈ ಬರಲಿಲ್ಲ. ಪರದೆಯ ತುಂಬ ಮುಖ ಬಂತು. "ಆಗಲಿ ಸ್ವಾಮಿ" ಎಂದು ಆ ಮುಖ ಓದತೊಡಗಿತು.

ತಂಗಿ ಕಿರುಚಿದಳು, ಸೊಸೆ ಅತ್ತೆಯನ್ನು ಬಾಚಿ ತಬ್ಬಿಕೊಂಡಳು. ಮೂವತ್ತು ವರ್ಷ ಬಸ್ಸಿನಲ್ಲಿ ಗಂಟಲು ಹರಿದುಕೊಂಡ ಗಂಡ ಮಾತ್ರ ಬಕೆಟ್ಟಿನಿಂದ ಎದ್ದು ಆಕೆಯ ಪಕ್ಕಕ್ಕೆ ಬಂದ. ಮೆಲ್ಲಗೆ, "ಎಷ್ಟು ಚೆನ್ನಾಗಿದೆಯಲ್ಲೇ ನಿನ್ನ ದನಿ," ಎಂದ, ಹೊಸದಾಗಿ ಕೇಳಿದವನ ಹಾಗೆ.

ಆಕೆಗೆ ಅದು ಕೇಳಿಸಿತೋ ಇಲ್ಲವೋ. ಟೀವಿಯಲ್ಲಿ ಯಾರೋ ಕೋರ್ಟಿನಲ್ಲಿ ಮಾತಾಡುತ್ತಿದ್ದರು, ಆಕೆಯ ಕೈ ತಾನಾಗಿ ಪೆನ್ಸಿಲ್ ಎತ್ತಿಕೊಂಡು, ತೊಡೆಯ ಮೇಲಿನ ಪುಸ್ತಕದಲ್ಲಿ ಆ ಮಾತುಗಳನ್ನು ಬರೆದುಕೊಳ್ಳುತ್ತಿತ್ತು. ಶೂಟಿಂಗಿನ ದಿನ ಓದಲು ಎದ್ದು ನಿಂತಿದ್ದರಿಂದ ಅದೊಂದು ಭಾಗ ಮಾತ್ರ ಬರೆಯದೆ ಉಳಿದುಹೋಗಿತ್ತಲ್ಲ. ಬರೆದು ಮುಗಿಸಿ, ಯಾರ ಮಾತೆಂದು ಗುರುತು ಹಾಕಲು ಎಡ ಅಂಚಿಗೆ ಕೈ ತಂದಳು. ಅಲ್ಲಿ ಕೈ ತಡೆಯಿತು. ಸಾಕ್ಷಿಗೆ ಗೀಟಿದೆ, ವಕೀಲರಿಗೆ ಕೊಕ್ಕೆಯಿದೆ, ನ್ಯಾಯಾಧೀಶರಿಗೆ ಸೊನ್ನೆಯಿದೆ. ಈ ಮಾತಾಡಿದವಳಿಗೆ ಮೂವತ್ತಮೂರು ವರ್ಷದಲ್ಲಿ ಗುರುತೇ ಬೇಕಾಗಿರಲಿಲ್ಲ.

ಆಕೆ ಪೆನ್ಸಿಲ್ಲಿನ ತುದಿಯನ್ನು ಒಮ್ಮೆ ತುಟಿಗೆ ತಾಗಿಸಿಕೊಂಡಳು. ಆಮೇಲೆ, ಶೀಘ್ರಲಿಪಿಯಲ್ಲಲ್ಲ, ಎಲ್ಲರೂ ಓದುವಂಥ ದುಂಡನೆಯ ಅಕ್ಷರದಲ್ಲಿ, ಅಂಚಿನಲ್ಲಿ ಬರೆದಳು: ನಾನು.