ಹೊಳೆಗೆ ನೇರಳೆ ಬಣ್ಣ ಬಂದದ್ದು

೧

ಹೊಳೆಯಿಂದ ಶುರು ಮಾಡಿದರೆ ನೀವು ಪುಟ ತಿರುಗಿಸುತ್ತೀರಿ, ಗೊತ್ತು. ಹೊಳೆ, ಸಂಜೆ, ಬೆಳ್ಳಕ್ಕಿ ಎಂದು ಶುರುವಾಗುವ ಕಥೆಗಳಿಗೆ ನಾನೂ ಅದನ್ನೇ ಮಾಡಿದ್ದೇನೆ. ಹಾಗಾದರೆ ಚಿತ್ರಕಾರನಿಂದ ಶುರು ಮಾಡಲೇ? 'ಕೈಯಲ್ಲಿ ಕುಂಚ ಹಿಡಿದು ಅವನು ದಿಗಂತವನ್ನೇ ನೋಡುತ್ತ ನಿಂತಿದ್ದ...' ಬೇಡ. ದಿಗಂತ ನೋಡುತ್ತ ನಿಲ್ಲುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅವರ ಬಟ್ಟೆಯನ್ನು ಬೇರೆ ಯಾರೋ ಒಗೆಯುತ್ತಿರುತ್ತಾರೆ.

(ಶುರುವಿನಲ್ಲೇ ನೀತಿ ಬಾಯಿಬಿಟ್ಟೆ. ಹಾಳಾಗಲಿ, ಓದಿಲ್ಲ ಅಂದುಕೊಳ್ಳಿ.)

೨

ನಮ್ಮ ಚಿತ್ರಕಾರ ಬಹಳ ವರ್ಷಗಳಿಂದ ಒಂದೇ ಹೊಳೆಯನ್ನು ಬರೆಯುತ್ತ ಬಂದಿದ್ದಾನೆ. ಅದರ ದಡದಲ್ಲೇ ಅವನ ಅಕ್ಕನ ಮನೆ. ಚಿತ್ರ ಬರೆಯಲು ಬಂದರೆ ಊಟ ಅಕ್ಕನದು, ಕೂರುವ ಸ್ಟೂಲು ಅಕ್ಕನದು, ಕುಂಚ ಒರೆಸುವ ಚಿಂದಿಯೂ ಅಕ್ಕನ ಹಳೆಯ ದಿಂಬಿನ ಕವರು. ಸ್ಫೂರ್ತಿ ಮಾತ್ರ ಪ್ರಕೃತಿಯದು. ಸಂದರ್ಶನಗಳಲ್ಲಿ ಅವನೇ ಹಾಗೆ ಹೇಳುತ್ತಾನೆ. "ಕಣ್ಣಾರೆ ಕಾಣದ ಒಂದು ಬಣ್ಣವನ್ನೂ ನಾನು ಕ್ಯಾನ್ವಾಸಿಗೆ ಹಚ್ಚಿದವನಲ್ಲ" ಎನ್ನುವುದು ಅವನ ಇನ್ನೊಂದು ಖಾಯಂ ಮಾತು.

ಅವನಿಗೆ ಹೆಸರು ತಂದುಕೊಟ್ಟದ್ದು ಹೊಳೆಯ ನೇರಳೆ ಬಣ್ಣ. 'ಇಂಥ ನೇರಳೆ ಪ್ರಕೃತಿಯಲ್ಲಿ ಎಲ್ಲೂ ಇಲ್ಲ, ಇದು ಕಲಾವಿದನ ಆತ್ಮದಿಂದ ಒಸರಿದ್ದು' ಎಂದು ವಿಮರ್ಶಕರೊಬ್ಬರು ಪತ್ರಿಕೆಯಲ್ಲಿ ಬರೆದರು. ಅವನು ಆ ತುಣುಕನ್ನು ಕತ್ತರಿಸಿ, ಫ್ರೇಮು ಹಾಕಿಸಿ, ಗೋಡೆಗೆ ನೇತುಹಾಕಿದ. ಕಣ್ಣಾರೆ ಕಂಡದ್ದು ಎನ್ನುವುದಕ್ಕೂ ಆತ್ಮದಿಂದ ಒಸರಿದ್ದು ಎನ್ನುವುದಕ್ಕೂ ತಾಳೆಯಾಗುವುದಿಲ್ಲವಲ್ಲ ಎಂದು ನೀವು ಕೇಳಬಹುದು. ಹೊಗಳಿಕೆಯನ್ನು ಯಾರು ತಾಳೆ ನೋಡುತ್ತಾರೆ ಹೇಳಿ.

ಹೊಳೆ ಒಂದೊಂದು ದಿನ ನೇರಳೆ, ಒಂದೊಂದು ದಿನ ಕೆಂಪು, ಇನ್ನೊಂದು ದಿನ ಪಾಚಿಗೇ ಹೊಟ್ಟೆಕಿಚ್ಚಾಗುವಂಥ ಹಸಿರು. ಎಲ್ಲ ಬೆಳಕಿನ ಆಟ ಎಂದುಕೊಂಡಿದ್ದ ಅವನು. ಮೇಲಿನ ತಿರುವಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ಇರುವುದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅದು ಕಣ್ಣಿಗೆ ಬೀಳದಂತೆ ಸ್ಟೂಲು ತಿರುಗಿಸಿಕೊಂಡು ಕೂರುತ್ತಿದ್ದ.

೩

ಇಲ್ಲಿ ಅಕ್ಕನ ಕೈಗಳ ವರ್ಣನೆ ಬರಬೇಕು. ಬರೆದೆ: 'ಹೊಳೆಯ ಕಲ್ಲಿನ ಮೇಲೆ ಬಟ್ಟೆ ಒಗೆದು ಒಗೆದು ಅವಳ ಕೈಗಳು ಯಾವುದೋ ಹಳೆಯ ಭೂಪಟದಂತೆ...'

"ಭೂಪಟ ಯಾಕೆ?" ಎಂದಳು ಅಕ್ಕ, ಸಾಲು ಮುಗಿಸಲೂ ಬಿಡದೆ.

"ಅದೊಂದು ಹೋಲಿಕೆ."

"ಹೋಲಿಕೆ ಬೇಡ, ತುರಿಕೆ ಅಂತ ಬರೀರಿ. ಬೆರಳ ಸಂದಿಯಲ್ಲೆಲ್ಲ ಬಿರುಕು. ಉಪ್ಪು ತಾಗಿದ್ರೆ ಜೀವ ಹೋಗತ್ತೆ. ಇವನಿಗೆ ಎಷ್ಟು ವರ್ಷದಿಂದ ಹೇಳ್ತಾ ಇದೀನಿ. 'ಅಕ್ಕ, ನೀರನ್ನ ಬೈಬೇಡ, ಆ ಬೆಳಕು ನೋಡು' ಅಂತಾನೆ. ನಾನು ಬೆಳಕಲ್ಲಿ ಬಟ್ಟೆ ಒಗೀಲಾ?"

ಭೂಪಟವನ್ನು ಹೊಡೆದುಹಾಕಿದ್ದೇನೆ. ಒಳ್ಳೆಯ ಸಾಲಾಗಿತ್ತು, ಹೊಟ್ಟೆ ಉರಿಯಿತು.

೪

ಕಾರ್ಖಾನೆಯವರು ಹೊಸ ಆಫೀಸು ಕಟ್ಟಿಸಿದರು. ರಿಸೆಪ್ಷನ್ನಿನ ಗೋಡೆಗೆ ಹೊಳೆಯದೊಂದು ದೊಡ್ಡ ಚಿತ್ರ ಬೇಕಾಯಿತು. "ಪ್ರಕೃತಿ ಅಂದ್ರೆ ನಮ್ಮ ಕಂಪನಿಗೆ ಪ್ರಾಣ ಸಾರ್" ಎಂದರು ಮ್ಯಾನೇಜರು, ಸೋಫಾ ಬಟ್ಟೆಯ ಒಂದು ತುಂಡನ್ನು ಚಿತ್ರಕಾರನ ಕೈಗಿಡುತ್ತ. ಹೊಳೆ ಅದಕ್ಕೆ ಮ್ಯಾಚ್ ಆಗಬೇಕಂತೆ. ಅವನು ಸಿಟ್ಟಿನಿಂದ ಎದ್ದುಹೋಗುತ್ತಾನೆ ಎಂದು ನೀವು ಕಾಯುತ್ತಿದ್ದರೆ ನಿಮಗೆ ಕಲಾವಿದರ ಪರಿಚಯವಿಲ್ಲ. ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು, "ಹೂಂ, ಮಾಡಬಹುದು" ಎಂದ.

ಆದರೆ ಚಿಕ್ಕದೊಂದು ಮಾದರಿ ಬರೆದು ತಂದು ಮೇಜಿನ ಮೇಲಿಟ್ಟಾಗ ಹೊಳೆ ನೇರಳೆಯಾಗಿತ್ತು. ಅಭ್ಯಾಸ.

"ನೀಲಿ ಹಾಕಿ ಸಾರ್. ಹೊಳೆ ಅಂದ್ರೆ ನೀಲಿ."

"ನಾನು ಕಂಡದ್ದನ್ನ ಮಾತ್ರ ಹಾಕೋದು. ಬೇಕಾದ್ರೆ ಈಗಲೇ ಹೋಗಿ ನೋಡಿ, ನೇರಳೆನೇ ಇರತ್ತೆ."

"ಈಗೆಲ್ಲಿರತ್ತೆ ಸಾರ್? ನೇರಳೆ ಹೋದ ವಾರಾನೇ ನಿಲ್ಲಿಸಿದ್ವಲ್ಲ."

ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. (ಇಂಥ ಜಾಗದಲ್ಲಿ ಕಥೆಗಾರರೆಲ್ಲ ಫ್ಯಾನು ತಿರುಗಿಸುತ್ತಾರೆ. ನನಗೂ ಬೇರೇನೂ ತೋಚಲಿಲ್ಲ.)

"ಏನನ್ನ ನಿಲ್ಲಿಸಿದ್ರಿ?"

"ಅದೇ... ಆ ಬಣ್ಣದ ಆರ್ಡರು ಸಾರ್. ಕಾಫಿ ಹೇಳಲಾ?"

ಚಿತ್ರಕಾರನಿಗೆ ಅರ್ಥವಾಯಿತು. ಅವನ ಆತ್ಮದಿಂದ ಒಸರಿದ್ದೆಲ್ಲ ಮೇಲಿನ ತಿರುವಿನ ಪೈಪಿನಿಂದ ಒಸರಿತ್ತು. ಆಗ ಅವನಿಗೆ ಅಕ್ಕನ ಕೈಗಳು ನೆನಪಾದವು ಎಂದು ಬರೆಯಲು ನನಗೂ ಆಸೆ. ಮೊದಲು ನೆನಪಾದದ್ದು ಗೋಡೆಯ ಮೇಲಿನ ವಿಮರ್ಶೆ.

"ನನ್ನನ್ನ ಇಷ್ಟು ಕೀಳಾಗಿ ಬರೀಬೇಡಿ" ಎಂದು ಅವನು ಇಲ್ಲಿ ತಡೆದ. "ಅಕ್ಕನೂ ನೆನಪಾದಳು."

"ಯಾವಾಗ?"

"ಆಮೇಲೆ. ಮೆಟ್ಟಿಲು ಇಳೀವಾಗ."

ಸರಿ. ಮೆಟ್ಟಿಲು ಇಳಿಯುವಾಗ ಅಕ್ಕನೂ ನೆನಪಾದಳು. ಕಾಫಿ ಕುಡಿದೇ ಇಳಿದಿದ್ದ.

೫

ಅಂದು ಮಧ್ಯಾಹ್ನ ಅವನು ಅಕ್ಕನ ಮನೆಯಲ್ಲಿ ಊಟಕ್ಕೆ ಕೂತ. ತಟ್ಟೆಗೆ ಬಡಿಸುತ್ತಿದ್ದ ಕೈಗಳನ್ನು ನೋಡಲಾರದೆ ತಟ್ಟೆಯನ್ನೇ ನೋಡಿದ.

"ಅಕ್ಕ, ಆ ನೀರು..."

"ಏನು ನೀರು?"

"ಏನಿಲ್ಲ. ಉಪ್ಪು ಸ್ವಲ್ಪ ಕಮ್ಮಿ."

ಅಕ್ಕ ಉಪ್ಪಿನ ಡಬ್ಬ ತಂದು ಮುಂದಿಟ್ಟಳು. "ನೀನೇ ಹಾಕ್ಕೋ. ನಾನು ಮುಟ್ಟಲ್ಲ. ಅಂದ ಹಾಗೆ, ನಾನು ಹೊಳೆ ವಿಚಾರಕ್ಕೆ ದೂರು ಕೊಟ್ಟಿದೀನಿ. ಸಾಕ್ಷಿ ಯಾರು ಅಂತ ಕೇಳಿದ್ರು. ನಿನ್ನ ಹೆಸರು ಹೇಳಿದೆ."

ಅವನ ಗಂಟಲಲ್ಲಿ ತುತ್ತು ಸಿಕ್ಕಿಕೊಂಡಿತು. ನೀರು ಕೊಟ್ಟವಳೂ ಅವಳೇ.

೬

ದೂರಿನ ಕಥೆ ಇಷ್ಟು. ತಪಾಸಣೆಗೆ ಅಧಿಕಾರಿ ಬಂದ ದಿನ ಹೊಳೆ ಏನೂ ಅರಿಯದ ಕೂಸಿನ ಹಾಗೆ ತಿಳಿಯಾಗಿ ಹರಿಯುತ್ತಿತ್ತು, ಯಾಕೆಂದರೆ ಅವರು ಬರುವ ಸುದ್ದಿ ಅವರಿಗಿಂತ ಮೊದಲೇ ಕಾರ್ಖಾನೆಗೆ ಬಂದಿತ್ತು. ಅಕ್ಕ ಮೊಬೈಲಿನಲ್ಲಿದ್ದ ಫೋಟೋಗಳನ್ನು ತೋರಿಸಿದಳು. "ಫೋಟೋನ ಈಗ ಹೇಗೆ ಬೇಕಾದ್ರೂ ಮಾಡ್ಕೋಬಹುದಮ್ಮ" ಎಂದರು ಅಧಿಕಾರಿ. ಆಗಲೇ ಅವಳು ತಮ್ಮನ ಹೆಸರು ಹೇಳಿದ್ದು. ಕಾಣದ್ದನ್ನು ಬರೆಯುವವನೇ ಅಲ್ಲ, ಪೇಪರಿನಲ್ಲೂ ಬಂದಿದೆ ಎಂದದ್ದು. ಹೆಸರಾಂತ ಕಲಾವಿದರು ಎಂದ ಕೂಡಲೇ ಅಧಿಕಾರಿ ನೆಟ್ಟಗಾದರು. ಫೋಟೋಗಿಂತ ಎಣ್ಣೆಬಣ್ಣದ ಚಿತ್ರ ಹೆಚ್ಚು ನಂಬಿಕಸ್ಥ ಹೇಗಾಯಿತು ಎಂದು ನನ್ನನ್ನು ಕೇಳಬೇಡಿ. ನಾನು ಆ ಇಲಾಖೆಯವನಲ್ಲ.

ಹೀಗಾಗಿ ಈಗ ಎಲ್ಲರೂ ಅಧಿಕಾರಿಯ ಕೋಣೆಯಲ್ಲಿದ್ದೇವೆ. ಗೋಡೆಗೆ ಒರಗಿಸಿಟ್ಟ ಚಿತ್ರಗಳು. ಮೇಜಿನ ಈ ಕಡೆ ಅಕ್ಕ, ಆ ಕಡೆ ಮ್ಯಾನೇಜರು, ನಡುವೆ ಚಿತ್ರಕಾರ.

"ಹೇಳಿ ಸಾರ್" ಎಂದರು ಅಧಿಕಾರಿ. "ಈ ಬಣ್ಣ ನೀವು ಕಂಡದ್ದಾ, ಕಲ್ಪನೆಯದಾ?"

ಕಂಡದ್ದು ಎಂದರೆ ರಿಸೆಪ್ಷನ್ನಿನ ಚಿತ್ರ ಕೈತಪ್ಪುತ್ತದೆ, ಅವನ ಹೆಸರಾಂತ ನೇರಳೆ ಮೋರಿ ನೀರಾಗುತ್ತದೆ. ಕಲ್ಪನೆ ಎಂದರೆ ದೂರು ಅಲ್ಲಿಗೇ ಮುಗಿಯುತ್ತದೆ, ಅಕ್ಕ ನಾಳೆಯೂ ಅದೇ ನೀರಿಗೆ ಕೈ ಹಾಕುತ್ತಾಳೆ.

ಅಂತ್ಯ ಒಂದು

"ಕಂಡದ್ದು" ಎಂದ. ಅಕ್ಕನ ಕಣ್ಣು ತುಂಬಿತು. ಕಾರ್ಖಾನೆಗೆ ಬೀಗ ಬಿತ್ತು. ಹೊಳೆಗೆ ಬೆಳ್ಳಕ್ಕಿಗಳು ಮರಳಿದವು.

(ಬೆಳ್ಳಕ್ಕಿ ಬಂದೇಬಿಟ್ಟಿತು ನೋಡಿ. ಹರಿದುಹಾಕಿದೆ.)

ಅಂತ್ಯ ಎರಡು

"ಕಲ್ಪನೆ" ಎಂದ. ಆಮೇಲೆ ಕಂಪನಿಯ ಎಲ್ಲ ಶಾಖೆಗಳಿಗೂ ನೀಲಿ ಹೊಳೆ ಬರೆದುಕೊಟ್ಟ. ಅಕ್ಕ ಅವನಿಗೆ ಬಡಿಸುವುದನ್ನು ಬಿಡಲಿಲ್ಲ, ಮಾತಾಡುವುದನ್ನು ಬಿಟ್ಟಳು.

"ನಾನು ಮಾತು ಬಿಡೋಳಲ್ಲ" ಎಂದಳು ಅಕ್ಕ. "ಬಡಿಸೋದು ಬಿಡ್ತೀನಿ, ಬಾಯ್ತುಂಬ ಉಗೀತೀನಿ. ನನ್ನನ್ನ ಸುಮ್ಮನಿರಿಸಿದ್ರೆ ನಿಮ್ಮ ಕಥೆ ಚೆನ್ನಾಗಿ ಕಾಣತ್ತೆ ಅಂತ ತಾನೆ?"

(ಹೌದು.)

ಅಂತ್ಯ ಮೂರು

"ಕಂಡ ಕಲ್ಪನೆ" ಎಂದ ಚಿತ್ರಕಾರ, ತನ್ನ ಜಾಣತನಕ್ಕೆ ತಾನೇ ತಲೆದೂಗುತ್ತ.

"ಹಾಗಂದ್ರೆ ಯಾವುದಕ್ಕೆ ಟಿಕ್ ಹಾಕಲಿ?" ಎಂದರು ಅಧಿಕಾರಿ.

೭

ಚಿತ್ರಕಾರ ಬೆವರು ಒರೆಸಿಕೊಂಡು ನನ್ನತ್ತ ತಿರುಗಿದ. "ಎಲ್ಲ ನನ್ನನ್ನೇ ಯಾಕೆ ಕೇಳ್ತಾರೆ? ಹೊಳೆ ಒಂದು ದಿನ ನೇರಳೆ, ಒಂದು ದಿನ ಕೆಂಪು ಅಂತ ಬರೆದೋರು ನೀವು. ನೀವು ಕಂಡಿದ್ರಾ?"

ಅಧಿಕಾರಿಯೂ ನನ್ನತ್ತ ತಿರುಗಿದರು. ಇದು ನಾನು ಎಣಿಸಿದ್ದಲ್ಲ. ಕಥೆ ಬರೆಯುವವನಿಗೆ ಈ ಕೋಣೆಯಲ್ಲಿ ಕುರ್ಚಿಯೂ ಇರಲಿಲ್ಲ.

ಮ್ಯಾನೇಜರು ಎದ್ದು ತಮ್ಮ ಕುರ್ಚಿಯನ್ನೇ ನನಗೆ ಕೊಟ್ಟರು. ಕಿವಿಯ ಹತ್ತಿರ ಬಗ್ಗಿ ಹೇಳಿದರು: "ಕೂತ್ಕೊಳ್ಳಿ ಸಾರ್. ಕಥೆ ಬಹಳ ಚೆನ್ನಾಗಿದೆ. ಕೆಳಗೊಂದು ಸಾಲು ಹಾಕಿಬಿಡಿ, ಎಲ್ಲ ಕಾಲ್ಪನಿಕ ಅಂತ. ಎಲ್ಲರೂ ಹಾಕ್ತಾರೆ. ನಮ್ಮ ಕಂಪನಿ ಈ ವರ್ಷದಿಂದ ಒಂದು ಕಥಾ ಪ್ರಶಸ್ತಿ ಇಡ್ತಾ ಇದೆ, ನಿಮಗೆ ಗೊತ್ತಿರಬೇಕು."

ಮಾಮೂಲಿ ಸಾಲು, ನಿಜ. ಯಾರಿಗೂ ನೋವಾಗದ ಸಾಲು. ಅದೂ ಅಲ್ಲದೆ ಕಲ್ಪನೆ ಎಂದರೆ ನನಗೇ ತಾನೆ ಗೌರವ? ಕಂಡದ್ದನ್ನು ಕಂಡಹಾಗೆ ಬರೆದರೆ ವರದಿ ಎನ್ನುತ್ತಾರೆ. ಕುರ್ಚಿ ಮೆತ್ತಗಿತ್ತು. ಹಾಳೆ ಎಳೆದುಕೊಂಡು ಬರೆದೆ:

'ಈ ಕಥೆಯಲ್ಲಿ ಬರುವ ಹೊಳೆ, ಬಣ್ಣ ಮತ್ತು ವ್ಯಕ್ತಿಗಳೆಲ್ಲ ಕೇವಲ ಕಾಲ್ಪ

ಅಕ್ಕ ಎರಡೂ ಕೈಗಳನ್ನು ತಂದು ನನ್ನ ಹಾಳೆಯ ಮೇಲಿಟ್ಟಳು.

"ತುರಿಕೆನೂ ಸೇರಿಸಿ" ಎಂದಳು.

ಅಷ್ಟು ಹತ್ತಿರದಿಂದ ಆ ಕೈಗಳನ್ನು ನಾನು ನೋಡಿರಲಿಲ್ಲ. ಬೆರಳ ಸಂದಿಯ ಬಿರುಕುಗಳ ಒಳಗೆ ನೇರಳೆ ಕೂತಿತ್ತು. ಮುಂದಿನ ಅಕ್ಷರ ಬರೆಯಬೇಕಾದರೆ ಅವನ್ನು ನಾನೇ ಪಕ್ಕಕ್ಕೆ ಸರಿಸಬೇಕು.