ಸದ್ದಿಲ್ಲದ ಪೆಟ್ಟಿಗೆ

ಆಟ ಶುರುವಾದರೆ ನನ್ನ ಹಳೆಯ ಕಂಪ್ಯೂಟರು ಎಬ್ಬಿಸುತ್ತಿದ್ದ ಸದ್ದಿಗೆ, ಕೆಳಗಿನ ಮನೆಯವರು ನಾವು ಹಿಟ್ಟಿನ ಗಿರಣಿ ಇಟ್ಟಿದ್ದೇವೆ ಅಂದುಕೊಂಡಿದ್ದರು. ಒಂದು ದಿನ ಮೆಟ್ಟಿಲು ಹತ್ತಿ ಬಂದು ಕೇಳಿಯೂ ಬಿಟ್ಟರು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ, ಏಕೆಂದರೆ ಪ್ಲೈವುಡ್ ಗೋಡೆಯ ಆಚೆ ಅಮ್ಮ ಮಲಗಿದ್ದಳು.

ಅಮ್ಮನದು ಬ್ರೆಡ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಊರೆಲ್ಲ ಎದ್ದು ಹಲ್ಲುಜ್ಜುವಾಗ ಅವಳು ಬಂದು ಮುಸುಕೆಳೆಯುತ್ತಾಳೆ. ನಾನು ಟೈರ್ ಅಂಗಡಿಯ ಕೆಲಸಕ್ಕೆ ಬೆಳಗ್ಗೆ ಬೇಗ ಹೋಗಿ ಮಧ್ಯಾಹ್ನ ಬರುವವನು. ನಾನು ಆಡುವ ಹೊತ್ತೇ ಅವಳು ಮಲಗುವ ಹೊತ್ತು. ಒಂದು ಸಲ ಕೆಲಸದಲ್ಲಿ ನಿಂತಲ್ಲೇ ತೂಕಡಿಸಿ, ಮೊಣಕೈ ಬಿಸಿ ತಟ್ಟೆಗೆ ತಗುಲಿ, ಚರ್ಮ ಸುಲಿಸಿಕೊಂಡು ಬಂದಳು. ಹಗಲು ಯಾಕೆ ನಿದ್ದೆ ಬರಲಿಲ್ಲ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಕೇಳುವುದಕ್ಕೆ ಏನಿತ್ತು? ಅವತ್ತೇ ಆ ಗಿರಣಿಯನ್ನು ಹೆಗಲ ಮೇಲೆ ಹೊತ್ತು ಗುಜರಿಯವನ ಮುಂದೆ ಕುಕ್ಕಿ ಬಂದೆ. ಆಟವಿದ್ದ ಡ್ರೈವನ್ನು ಮಾತ್ರ ಬಿಚ್ಚಿಟ್ಟುಕೊಂಡೆ.

ಹೊಸದನ್ನು ಕಟ್ಟುವಷ್ಟು ದುಡ್ಡು ಸೇರುವವರೆಗೆ ನಾನು ಮನುಷ್ಯನಾಗಿರಲಿಲ್ಲ. ನಟ್ಟು ಬಿಗಿದುಕೊಂಡರೆ ನಟ್ಟಿಗೆ ಬೈದೆ, ಸಲೀಸಾಗಿ ಬಿಚ್ಚಿ ಬಂದರೆ ಸ್ಪ್ಯಾನರಿಗೆ ಬೈದೆ. ಇಂಟರ್‌ನೆಟ್ಟಿನಲ್ಲಿ ತಂಡ ಕಟ್ಟಿ ಆಡುವ ಆ ಗುಂಡಿನಾಟದಲ್ಲಿ ನನ್ನ ಜೊತೆಗಾರ ಒಬ್ಬನಿದ್ದಾನೆ. ಯಾವಾಗ ನೋಡಿದರೂ ಎಚ್ಚರವಿರುತ್ತಾನೆ ಎಂದು ಎಲ್ಲರೂ ಅವನನ್ನು ಗೂಬೆ ಅನ್ನುತ್ತೇವೆ. ಅವನು ದಿನಾ ಫೋನಿನಲ್ಲಿ ಸಂದೇಶ ಹಾಕುತ್ತಿದ್ದ, ನಿನ್ನ ಜಾಗ ಇನ್ನೂ ಖಾಲಿ ಇದೆ, ಬರುತ್ತೀಯೋ ಬೇರೆಯವನನ್ನು ಹಾಕಿಕೊಳ್ಳಲೋ ಎಂದು.

ದುಡ್ಡು ಸೇರಿದ ದಿನ ಅಮ್ಮನಿಗೆ ಹೇಳಿದೆ. ಅವಳು ಬಟ್ಟೆ ಮಡಚುವುದನ್ನು ನಿಲ್ಲಿಸದೆ ಒಂದೇ ಮಾತು ಹೇಳಿದಳು.

"ಒಂದು ಸಲ, ಒಂದೇ ಸಲ ನನ್ನ ನಿದ್ದೆ ಕೆಟ್ಟರೆ, ಅದು ಈ ಮನೇಲಿರಲ್ಲ."

ಅಕ್ಕ ತಾನೇ ಅಂಪೈರ್ ಎಂದು ಘೋಷಿಸಿಕೊಂಡಳು. ಅವಳಿಗೆ ಮನೆಯಲ್ಲೇ ಕುಳಿತು ಬಟ್ಟೆ ಹೊಲಿಯುವ ಕೆಲಸ. ನನ್ನ ಮೇಲೆ ಕಣ್ಣಿಡುವುದಕ್ಕೆ ಬೇಕಾದಷ್ಟು ಹೊತ್ತು.

ಕಂಪ್ಯೂಟರ್ ಅಂಗಡಿಯವನು ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಕೂತಿದ್ದ. ನನ್ನ ಉಗುರಿನ ಕಪ್ಪು ನೋಡಿದ, ಮುಖ ನೋಡಿದ, ಸೀದಾ ಒಂದು ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲಿಸಿದ. ಒಳಗೆ ಕೆಂಪು, ನೀಲಿ, ನೇರಳೆ ದೀಪಗಳು ಕುಣಿಯುತ್ತಿದ್ದವು. ನಿಮ್ಮಂಥ ಹುಡುಗರೆಲ್ಲ ಇದನ್ನೇ ಒಯ್ಯುವುದು ಎಂದ. ನನ್ನಂಥ ಹುಡುಗರು! ಒಂಬತ್ತನೇ ತರಗತಿಯಲ್ಲೇ ಪುಸ್ತಕ ಮಡಚಿಟ್ಟವನು ನಾನು. ಅಂದಿನಿಂದ ಎಷ್ಟು ಜನ ಹೀಗೆ ಮುಖ ನೋಡಿಯೇ ನನಗೇನು ಬೇಕೆಂದು ಹೇಳಿದ್ದಾರೋ. ಮೈಯೆಲ್ಲ ಉರಿದುಹೋಯಿತು. ದೀಪ ಬೇಡ, ಗಾಜು ಬೇಡ, ಪಕ್ಕದಲ್ಲಿ ಮಲಗಿದವರು ಏಳಬಾರದು, ಆದರೆ ಆಟ ಎಲ್ಲೂ ತಡವರಿಸಬಾರದು ಎಂದೆ.

ಅವನು ಕನ್ನಡಕ ಇಳಿಸಿದ. "ನಿಮಗೆ ಆಟ ಬೇಕಾ, ನಿದ್ದೆ ಬೇಕಾ?"

"ಎರಡೂ ಬೇಕು. ಆಟ ನನಗೆ, ನಿದ್ದೆ ನಮ್ಮಮ್ಮನಿಗೆ."

ಅವನು ಒಳಗಿನಿಂದ, ಕಂಪ್ಯೂಟರನ್ನು ತಂಪಾಗಿಡುವ ಫ್ಯಾನುಗಳನ್ನು ತಂದು ಮೇಜಿನ ಮೇಲೆ ಸುರಿದ. ಸದ್ದೆಲ್ಲ ಬರುವುದು ಅವುಗಳಿಂದಲೇ. ಅಲ್ಲಿಂದ ಶುರುವಾಯಿತು ನನ್ನ ಖುಷಿ. ಚಕ್ರ ತಿರುಗಿಸಿ ಬ್ಯಾಲೆನ್ಸ್ ನೋಡುವುದೇ ನನ್ನ ಹೊಟ್ಟೆಪಾಡು. ಒಂದು ಕಡೆ ಕಾಳಿನಷ್ಟು ತೂಕ ಹೆಚ್ಚಾದರೂ ಸ್ಟೇರಿಂಗ್ ನಡುಗುತ್ತದೆ. ಇದೂ ಚಕ್ರವೇ ತಾನೆ! ಒಂದೊಂದಕ್ಕೂ ವೈರು ಕೊಟ್ಟು ತಿರುಗಿಸಿ ನೋಡಿದೆ, ಚೌಕಟ್ಟನ್ನು ಹಲ್ಲಿಗೆ ತಾಗಿಸಿ ನಡುಕ ಕೇಳಿದೆ. ಒಂದು ಗುರುಗುಟ್ಟುತ್ತಿತ್ತು, ಒಂದು ಶೀತವಾದವನ ಮೂಗಿನ ಹಾಗೆ ಸುಂಯ್ ಅನ್ನುತ್ತಿತ್ತು. ಚಿಕ್ಕ ಫ್ಯಾನು ಗಾಳಿ ತಳ್ಳಲು ಹುಚ್ಚು ಹಿಡಿದಂತೆ ತಿರುಗಬೇಕು. ದೊಡ್ಡದು ಆರಾಮಾಗಿ ತಿರುಗಿದರೂ ಸಾಕು. ಕೈಯಗಲದ ಕಪ್ಪು ಫ್ಯಾನುಗಳು ಸಿಕ್ಕವು. ಹಲ್ಲಿಗೆ ತಾಗಿಸಿದರೆ ಏನೂ ಇಲ್ಲ. ನಿಂತಿದೆಯೇನೋ ಎಂದು ಬೆರಳಿಟ್ಟು ಪೆಟ್ಟು ತಿಂದೆ.

ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್ ಮೇಲೆ ಕೂರಿಸಿ ಅದರ ಬಿಸಿ ಹೀರುವ ಕೂಲರ್ ಇಟ್ಟಿಗೆಯಷ್ಟು ದಪ್ಪದ್ದು ಆರಿಸಿದೆ. ಪೆಟ್ಟಿಗೆ, ಒಳಗೋಡೆಗೆಲ್ಲ ಸ್ಪಂಜು ಅಂಟಿಸಿದ, ಕಬ್ಬಿಣದ ಬಾಗಿಲಿನ, ನೋಡಲು ಬೀರುವಿನ ಮರಿಯಂಥದ್ದು. ಆಟದ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡು ಮೂರು ಫ್ಯಾನಿನದು, ನನ್ನ ಮುಂಗೈಯಷ್ಟು ಉದ್ದ. ಇಷ್ಟಾಗುವಾಗ ಜೇಬು ತಳ ಕಂಡಿತ್ತು. ಪ್ರೊಸೆಸರಿನಲ್ಲೇ ಸ್ವಲ್ಪ ಅಗ್ಗದ್ದು ಕೊಡಿ ಎಂದೆ. ಅವನು ಒಂದನ್ನು ತೆಗೆದು, ಓಟದಲ್ಲಿ ಏನೂ ಕಮ್ಮಿಯಿಲ್ಲ, ಆದರೆ ಚಿತ್ರ ತೋರಿಸುವ ಭಾಗ ಇದರೊಳಗಿಲ್ಲ, ನೆನಪಿರಲಿ ಎಂದ. ನನ್ನ ಕಿವಿ ಇನ್ನೂ ಫ್ಯಾನಿನ ಮೇಲಿತ್ತು. ಹೂಂ ಅಂದೆ.

ಮರುದಿನ ರಜೆ. ಅಮ್ಮ ಮಲಗಿದ ಮೇಲೆ ಬಿಡಿಭಾಗಗಳನ್ನು ಜೋಡಿಸಲು ಕೂತೆ. ಅವಳು ಏಳುವವರೆಗೆ ಕಾಯಬಹುದಿತ್ತು, ಆದರೆ ಯಾರಿಗಿತ್ತು ಅಷ್ಟು ತಾಳ್ಮೆ? ಹಾಸಿಗೆಯ ಮೇಲೆ ಕಂಬಳಿ ಹರಡಿ ಅದರ ಮೇಲೆ ಕೆಲಸ. ಸ್ಕ್ರೂ ಬಿದ್ದರೆ ಸದ್ದಾಗಬಾರದೆಂದು ಅಕ್ಕ ತಾನು ಸೂಜಿ ಹೆಕ್ಕುವ ಅಯಸ್ಕಾಂತ ಕೊಟ್ಟಳು. ಅಂಪೈರಿಗೂ ಒಳಗೊಳಗೇ ಕುತೂಹಲ. ಪ್ರೊಸೆಸರ್ ಕೂರಿಸಿ, ಅದನ್ನು ಬಿಗಿಯುವ ಪುಟ್ಟ ಕೊಕ್ಕೆ ಒತ್ತುವಾಗ ಕರಕ್ ಅಂದದ್ದಕ್ಕೆ ಇಬ್ಬರೂ ಉಸಿರು ಬಿಗಿಹಿಡಿದೆವು. ಆಚೆ ಅಮ್ಮ ಮಗ್ಗುಲು ಬದಲಿಸಿದಳು, ಅಷ್ಟೇ. ಕಾರ್ಡು ಕೂತಿತು, ವೈರುಗಳು ಕೂತವು, ಹಳೆಯ ಡ್ರೈವು ಕೂತಿತು. ಹಿಂದೆ ಕೈ ಹಾಕಿ, ಪರದೆಯ ಕೇಬಲ್ಲನ್ನು ಮೊದಲು ಸಿಕ್ಕ ತೂತಿಗೆ ಚುಚ್ಚಿ ಗುಂಡಿ ಒತ್ತಿದೆ.

ಒಂದು ಪುಟ್ಟ ದೀಪ ಹೊತ್ತಿತು. ಕಪ್ಪು ಫ್ಯಾನುಗಳು ಮೆಲ್ಲನೆ ತಿರುಗಿದವು. ಕಾರ್ಡಿನ ಮೂರು ಫ್ಯಾನುಗಳು ಮಾತ್ರ ಅಲ್ಲಾಡಲಿಲ್ಲ. ಪರದೆ ಕಾಡಿಗೆಯಂತೆ ಕಪ್ಪಗೇ ಇತ್ತು. ಆರಿಸಿದೆ, ಹಚ್ಚಿದೆ. ಇನ್ನೊಮ್ಮೆ. ಸತ್ತ ಕಾರ್ಡು ಕೊಟ್ಟಿದ್ದಾನೆ! ಬಾಯಿ ಬಿಡುವ ಹಾಗಿಲ್ಲ, ದಿಂಬಿಗೆ ಗುದ್ದಿದೆ. ಅಕ್ಕ ಬಾಗಿಲು ತೋರಿಸಿದಳು. ಬೀದಿಗಿಳಿದು, ಎದುರಿನ ಕ್ಷೌರದಂಗಡಿಯವನು ಕತ್ತರಿ ಹಿಡಿದುಕೊಂಡೇ ಹೊರಗೆ ಬಂದು ನೋಡುವಷ್ಟು ಗಟ್ಟಿಯಾಗಿ ಫೋನಿನಲ್ಲಿ ಕನ್ನಡಕದವನ ಜನ್ಮ ಜಾಲಾಡಿದೆ.

ನನ್ನ ಉಸಿರು ಮುಗಿಯುವವರೆಗೆ ಅವನು ಕಾದ. "ಬಿಸಿ ಏರೋವರೆಗೂ ಆ ಫ್ಯಾನ್ ತಿರುಗಲ್ಲ. ಸದ್ದು ಬೇಡ ಅಂದವರು ನೀವೇ ಅಲ್ವಾ?"

"ಮತ್ತೆ ಚಿತ್ರ?"

"ಕೇಬಲ್ ಎಲ್ಲಿ ಹಾಕಿದ್ದೀರ, ಮೇಲಕ್ಕೋ, ಕೆಳಕ್ಕೆ ಕಾರ್ಡಿಗೋ?"

ಮೇಲಿನ ತೂತು, ಎಲ್ಲ ಭಾಗಗಳೂ ಕೂರುವ ಬೋರ್ಡಿನದು. ಅಲ್ಲಿಗೆ ಚಿತ್ರ ಕಳಿಸಬೇಕಾದದ್ದು ಪ್ರೊಸೆಸರ್. ನಾನು ಕೊಂಡ ಪ್ರೊಸೆಸರಿಗೆ ಚಿತ್ರವೇ ಗೊತ್ತಿಲ್ಲ. ಹೂಂ ಅಂದಿದ್ದೆನಲ್ಲ! ಫೋನಿಗೆ ಏನು ಹೇಳಿದೆನೋ ನೆನಪಿಲ್ಲ, ಎರಡೆರಡು ಮೆಟ್ಟಿಲು ಹಾರಿ ಮೇಲೆ ಬಂದೆ. ಕೇಬಲ್ ಕಿತ್ತು ಒಂದು ಗೇಣು ಕೆಳಗೆ ಚುಚ್ಚಿದೆ.

ಪರದೆ ಬೆಳಗಿತು. ನನ್ನ ಹಳೆಯ ಚಿತ್ರಗಳು, ನನ್ನ ಆಟ, ಎಲ್ಲ ಎದ್ದು ಕೂತಿದ್ದವು. ಅಕ್ಕ ನನ್ನ ಬೆನ್ನಿಗೆ ಗುದ್ದಿ, ತಾನೇ ಬಾಯಿ ಮುಚ್ಚಿಕೊಂಡಳು.

ಹೆಡ್‌ಫೋನ್ ಹಾಕಿ ಕೂತೆ. ಗೂಬೆ ಕಾಯುತ್ತಿದ್ದ. ನೀರು ಹರಿದ ಹಾಗೆ ಓಡಿತು ಆಟ. ಹುಲ್ಲಿನ ಎಸಳು ಬೇರೆಬೇರೆಯಾಗಿ ಅಲ್ಲಾಡುವುದು ಕಂಡಿತು, ಗೋಡೆಯ ಹಿಂದಿನಿಂದ ಬರುವವನ ನೆರಳು ಅವನಿಗಿಂತ ಮೊದಲೇ ಕಂಡಿತು. ನಡುವೆ ಒಮ್ಮೆ ಹೆಡ್‌ಫೋನ್ ಸರಿಸಿ ಕಿವಿಗೊಟ್ಟೆ. ಕಾರ್ಡಿನ ಫ್ಯಾನುಗಳು ಈಗ ತಿರುಗುತ್ತಿದ್ದವು. ಆದರೂ ಕೇಳಿಸಿದ್ದು ಅಮ್ಮನ ಗೊರಕೆ! ಆಟ ನಡೆಯುವಾಗ ಅಮ್ಮನ ಗೊರಕೆ ಕೇಳಿದ್ದು ಹುಟ್ಟಿದಾಗಿನಿಂದ ಅದೇ ಮೊದಲು. ಕಣ್ಣು ಮಂಜಾಯಿತು, ಅದೇ ಗಳಿಗೆಯಲ್ಲಿ ಯಾವನೋ ನನ್ನ ಮೇಲೆ ಗುಂಡು ಹಾರಿಸಿದ.

ಕೊನೆಗೆ ಉಳಿದವರು ನಾನು, ಎದುರಾಳಿಗಳು ಇಬ್ಬರು. ಒಬ್ಬ ಬಿದ್ದ. ಇನ್ನೊಬ್ಬ ಹಿಂದಿನಿಂದ ಬಂದ. ಹಳೆಯ ಯಂತ್ರವಾಗಿದ್ದರೆ ತಿರುಗುವಷ್ಟರಲ್ಲಿ ಚಿತ್ರ ಅಂಟಿಕೊಳ್ಳುತ್ತಿತ್ತು. ಇದು ನನ್ನ ಕೈಗಿಂತ ಮೊದಲು ತಿರುಗಿತು. ಅವನೂ ಬಿದ್ದ.

"ಹೊಡೆದೆ ಕಣೋ!"

ಆ ಕೂಗು ನನ್ನದೇ ಎಂದು ತಿಳಿಯುವಾಗ ತಡವಾಗಿತ್ತು. ಗೊರಕೆ ನಿಂತಿತ್ತು. ಅಮ್ಮ ಕೂದಲು ಕೆದರಿಕೊಂಡು ಬಾಗಿಲಲ್ಲಿ ನಿಂತಿದ್ದಳು, ಮೊಣಕೈಯ ಕಲೆ ನನ್ನ ಕಡೆಗೇ ತಿರುಗಿತ್ತು. ನಾನು ಹೆಡ್‌ಫೋನ್ ತೆಗೆದಿಟ್ಟು, ಪೆಟ್ಟಿಗೆಯ ವೈರಿಗೆ ಕೈ ಹಾಕಿದೆ. ಅಮ್ಮನ ಷರತ್ತು ಷರತ್ತೇ. ಗುಜರಿಯವನ ದಾರಿ ನನಗೆ ಗೊತ್ತಿತ್ತು.

ಅಮ್ಮ ಬಂದು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು. ಬಗ್ಗಿ ಕಿವಿ ಇಟ್ಟಳು. ಇದು ಓಡ್ತಿದೆಯಾ ಎಂದು ಅಕ್ಕನನ್ನು ಕೇಳಿದಳು. ಅಂಪೈರ್ ತಲೆಯಾಡಿಸಿ, ಬೆಳಗಿನಿಂದ ಅದು ಕಮಕ್ ಕಿಮಕ್ ಅಂದಿಲ್ಲ ಎಂದಳು.

"ಹಾಗಿದ್ರೆ ಅದು ಇಲ್ಲೇ ಇರಲಿ," ಎಂದಳು ಅಮ್ಮ. "ನೀನು ನಡಿ ಆಚೆ."

ಹೊರಗೆ ಮೆಟ್ಟಿಲ ಮೇಲೆ ಕೂತೆ, ಕಾಲಿಗೆ ಚಪ್ಪಲಿಯೂ ಇಲ್ಲದೆ. ಬಾಗಿಲ ಆಚೆ ಚಿಲಕ ಬಿದ್ದ ಸದ್ದು, ಆಮೇಲೆ ಏನೂ ಇಲ್ಲ. ಸ್ವಲ್ಪ ಹೊತ್ತಿಗೆ ಗೊರಕೆ ಮತ್ತೆ ಶುರುವಾಯಿತು. ನನ್ನ ಪೆಟ್ಟಿಗೆ ಒಳಗಿತ್ತು! ಕುಣಿಯಬೇಕೆನಿಸಿತು; ಮೆಟ್ಟಿಲು ಮರದ್ದು, ಕುಣಿಯಲಿಲ್ಲ.

ಫೋನು ನಡುಗಿತು. ಗೂಬೆಯ ಸಂದೇಶ: ಎರಡನೇ ಆಟದಲ್ಲಿ ಏನಾಗಿದೆ ನಿನಗೆ, ಇಷ್ಟು ಚೆನ್ನಾಗಿ ಯಾವಾಗ ಕಲಿತೆ?

ಎರಡನೇ ಆಟ? ಬಾಗಿಲ ಸಂದಿಗೆ ಕಣ್ಣಿಟ್ಟೆ. ಹೊಲಿಗೆ ಮಿಷನ್ನಿನ ಮುಂದೆ ಯಾರೂ ಇರಲಿಲ್ಲ. ನನ್ನ ಕುರ್ಚಿಯಲ್ಲಿ, ನನ್ನ ಹೆಡ್‌ಫೋನ್ ಹಾಕಿಕೊಂಡು, ನಾಲಿಗೆಯ ತುದಿ ಕಚ್ಚಿ, ಅಂಪೈರ್ ಸದ್ದಿಲ್ಲದೆ ಆಡುತ್ತಿದ್ದಳು.

ನಾನು ಅಂಗಿಯ ತೋಳನ್ನು ಬಾಯಿಗೆ ತುರುಕಿಕೊಂಡು, ಇದ್ದಷ್ಟೂ ದನಿ ತೆಗೆದು ಕೂಗಿದೆ.